ಬೆಳ್ಳಗಾಗುವ ಕ್ರೀಮ್: ಮೆಡಿಕಲ್ ಶಾಪ್ ಕೌಂಟರ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಕಡೆ ಸಣ್ಣದೊಂದು ಮೆಡಿಕಲ್ ಶಾಪ್ ನನ್ನದು, ಇಪ್ಪತ್ತು ವರ್ಷದ ಮೇಲಾಯ್ತು. ಬಿಪಿ, ಶುಗರ್ ಮಾತ್ರೆ ಬಿಟ್ಟರೆ ಜನ ನನ್ನನ್ನು ಜಾಸ್ತಿ ಕೇಳುವುದು ಮುಖದ ಕ್ರೀಮ್ ಬಗ್ಗೆ. ಕೆಲವರು ಅಂಗಡಿ ಖಾಲಿಯಾಗುವವರೆಗೂ ಪಕ್ಕಕ್ಕೆ ನಿಂತಿದ್ದು ಆಮೇಲೆ ಮೆತ್ತಗೆ ಕೇಳುತ್ತಾರೆ. ಕೆಲವರು ವಾಟ್ಸಾಪ್‌ನಲ್ಲಿ ಖಾಲಿ ಟ್ಯೂಬಿನ ಫೋಟೋ ಕಳಿಸುತ್ತಾರೆ. ಅವರು ಕೇಳಿದ ಧಾಟಿಯಲ್ಲೇ ಪ್ರಶ್ನೆಗಳನ್ನು ಇಲ್ಲಿ ಹಾಕಿದ್ದೇನೆ. ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ಅದು ನೆನಪಿರಲಿ.

## ಮೊದಲು ಬರುವ ಪ್ರಶ್ನೆಗಳು

ಅಣ್ಣಾ, ಟಿವಿಯಲ್ಲಿ ಬರೋ ಫೇರ್‌ನೆಸ್ ಕ್ರೀಮ್ ಹಚ್ಚಿದ್ರೂ ಡೇಂಜರ್ರಾ?

ಬೆಳ್ಳಗಾಗುವ ಕ್ರೀಮ್ ಅಂತ ಜನ ಕರೆಯುವುದು ಮೂರು ಬೇರೆ ಬೇರೆ ವಸ್ತುಗಳನ್ನು. ಒಂದು, ಕಿರಾಣಿ ಅಂಗಡಿಯಲ್ಲೂ ಸಿಗುವ ಜಾಹೀರಾತಿನ ಕ್ರೀಮ್. ಎರಡನೆಯದು ಮೆಡಿಕಲ್‌ನಲ್ಲಿ ಸಿಗುವ ಸಣ್ಣ ಟ್ಯೂಬ್, ಅದು ಔಷಧಿ. ಮೂರನೆಯದು ಯಾರು ಮಾಡಿದ್ದು, ಎಲ್ಲಿ ಮಾಡಿದ್ದು ಅಂತ ಸರಿಯಾಗಿ ಬರೆಯದೇ ಇರುವ ಪುಟ್ಟ ಡಬ್ಬಿ. ಪಾರ್ಲರ್‌ನಲ್ಲೋ, ಫ್ಯಾನ್ಸಿ ಸ್ಟೋರ್‌ನಲ್ಲೋ, ಆನ್‌ಲೈನ್‌ನಲ್ಲೋ ಸಿಗುವಂಥದ್ದು.

ಮೊದಲನೆಯದರಲ್ಲಿ ಸಾಮಾನ್ಯವಾಗಿ ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಮತ್ತು ಒಂದಿಷ್ಟು ಸನ್‌ಸ್ಕ್ರೀನ್ ಇರುತ್ತೆ. ಹಾನಿ ಕಡಿಮೆ, ಲಾಭವೂ ಅಷ್ಟಕ್ಕಷ್ಟೇ. ಹಾಗಂತ ಕಣ್ಣುಮುಚ್ಚಿ ನಂಬುವುದೂ ಬೇಡ. 2014ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಅನ್ನೋ ಪರಿಸರ ಸಂಸ್ಥೆ 32 ಫೇರ್‌ನೆಸ್ ಕ್ರೀಮ್‌ಗಳನ್ನು ಪರೀಕ್ಷೆ ಮಾಡಿದಾಗ 14ರಲ್ಲಿ ಪಾದರಸ ಸಿಕ್ಕಿತ್ತು. ಪ್ರಮಾಣ ಎಲ್ಲದರಲ್ಲೂ 2 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ ಎರಡು ಭಾಗದ ಒಳಗೇ ಇತ್ತು. ಮೂರನೇ ಜಾತಿಯ ಡಬ್ಬಿಗಳಲ್ಲಿ ಸಾವಿರಾರು ಪಿಪಿಎಂ ಸಿಕ್ಕಿದ್ದೂ ಉಂಟು. ಹಾಗಾಗಿ ನನ್ನ ಭಯವೆಲ್ಲ ಎರಡನೆಯ ಮತ್ತು ಮೂರನೆಯದರ ಬಗ್ಗೆ.

ಹಚ್ಚಿದ್ರೆ ನಿಜವಾಗ್ಲೂ ಬಣ್ಣ ಬದಲಾಗುತ್ತಾ?

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳು ಕಪ್ಪಗಿರುವವರಿಗೂ ಬೆಳ್ಳಗಿರುವವರಿಗೂ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿರುತ್ತವೆ. ವ್ಯತ್ಯಾಸ ಇರುವುದು ಅವು ಎಷ್ಟು ಮತ್ತು ಯಾವ ಬಗೆಯ ಮೆಲನಿನ್ ಮಾಡುತ್ತವೆ ಅನ್ನುವುದರಲ್ಲಿ. ಅದು ಅಪ್ಪ ಅಮ್ಮನಿಂದ ಬಂದಿದ್ದು. ಹುಟ್ಟಿನ ಬಣ್ಣ ನೋಡಬೇಕಾದರೆ ಬಿಸಿಲು ಬೀಳದ ತೋಳಿನ ಒಳಭಾಗ ನೋಡಿಕೊಳ್ಳಿ. ಬಿಸಿಲಿಗೆ ಕಪ್ಪಾದ ಮುಖ ಹೆಚ್ಚೆಂದರೆ ಅಲ್ಲಿಯವರೆಗೆ ವಾಪಸ್ ಬರಬಹುದು. ಅದಕ್ಕಿಂತ ಬೆಳ್ಳಗೆ ಮಾಡುವ ಕ್ರೀಮ್ ಚರ್ಮದ ಕೆಲಸವನ್ನೇ ಕೆಡಿಸಿ ಹಾಗೆ ಮಾಡುತ್ತಿದೆ ಅಂತಲೇ ಅರ್ಥ.

ನಮ್ಮಕ್ಕ ಒಂದು ವಾರ ಹಚ್ಚಿದ್ದಕ್ಕೇ ಮುಖ ಫಳಫಳ ಅಂತಿದೆ. ಅಷ್ಟು ಬೇಗ ಕೆಲಸ ಮಾಡ್ತು ಅಂದ್ರೆ ಒಳ್ಳೇ ಕ್ರೀಮೇ ಅಲ್ವಾ?

ನನಗೆ ಹೆದರಿಕೆ ಹುಟ್ಟಿಸುವ ಮಾತೇ ಇದು. ಒಂದು ವಾರದಲ್ಲಿ ಬೆಳ್ಳಗಾಯ್ತು ಅಂದರೆ ಅದರಲ್ಲಿ ಸ್ಟೀರಾಯ್ಡೋ ಪಾದರಸವೋ ಇದೆ ಅಂತ ಮೊದಲು ಅನುಮಾನ ಪಡಬೇಕು. ಸ್ಟೀರಾಯ್ಡ್ ಚರ್ಮದ ಕೆಳಗಿನ ರಕ್ತನಾಳಗಳನ್ನು ಬಿಗಿ ಮಾಡುತ್ತೆ, ಉರಿ, ಕೆಂಪು, ಮೊಡವೆಯ ಊತ ಎಲ್ಲ ಇಳಿಯುತ್ತೆ, ಮುಖ ತಿಳಿಯಾಗಿ ಕಾಣುತ್ತೆ. ಪಾದರಸವಾದರೆ ಮೆಲನಿನ್ ಮಾಡುವ ಟೈರೋಸಿನೇಸ್ ಅನ್ನೋ ಕಿಣ್ವವನ್ನೇ ತಡೆದು ನಿಲ್ಲಿಸುತ್ತೆ. ಎರಡೂ ಶುರುವಿನಲ್ಲಿ ಚೆನ್ನಾಗಿಯೇ ಕಾಣುತ್ತವೆ. ಅಕ್ಕನ ಮುಖ ನೋಡಿ ಪಕ್ಕದ ಮನೆಯವರೂ ತರಿಸಿಕೊಳ್ಳುತ್ತಾರೆ, ಜಾಹೀರಾತೇ ಬೇಡ.

## ಮೆಡಿಕಲ್‌ನ ಟ್ಯೂಬ್ ಬಗ್ಗೆ

ಡಾಕ್ಟ್ರೇ ಬರೆದುಕೊಟ್ಟಿದ್ದು ಸಾರ್, ಮೂರು ವರ್ಷದಿಂದ ಅದನ್ನೇ ಹಚ್ತಿದ್ದೀನಿ. ಅದರಲ್ಲೇನು ತೊಂದರೆ?

ಡಾಕ್ಟರ್ ಬರೆದಿದ್ದು ಎಷ್ಟು ದಿನಕ್ಕೆ? ಚೀಟಿ ತೆಗೆದು ನೋಡಿ. ಬಹುತೇಕ ಆರರಿಂದ ಎಂಟು ವಾರ ಅಂತ ಇರುತ್ತೆ. ಬಂಗಿಗೆ ಬರೆಯುವ ಈ ಟ್ಯೂಬಿನಲ್ಲಿ ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್, ಚರ್ಮದ ಮೇಲ್ಪದರ ಬೇಗ ಕಳಚುವಂತೆ ಮಾಡುವ ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್‌ನಂಥ ಒಂದು ಸ್ಟೀರಾಯ್ಡ್, ಹೀಗೆ ಮೂರು ಔಷಧಿ ಇರುತ್ತವೆ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ 1975ರಲ್ಲಿ ಪ್ರಕಟಿಸಿದ ಮಿಶ್ರಣದ ಸಂತತಿ ಇದು. ಕಾಯಿಲೆಗೆ, ಲೆಕ್ಕದ ವಾರಗಳಿಗೆ, ಡಾಕ್ಟರ್ ಕಣ್ಣಳತೆಯಲ್ಲಿ ಬಳಸಿದರೆ ಒಳ್ಳೇ ಔಷಧಿಯೇ.

ಆದರೆ ನಡೆಯೋದು ಹಾಗಲ್ಲ. ಬಂಗು ಹೋಗುತ್ತೆ, ಜೊತೆಗೆ ಮುಖವೂ ಬೆಳ್ಳಗಾಗುತ್ತೆ. ಚೀಟಿ ಮನೆಯಲ್ಲೇ ಉಳಿಯುತ್ತೆ, ಖಾಲಿ ಟ್ಯೂಬ್ ಮಾತ್ರ ಅಂಗಡಿಗೆ ಬರುತ್ತೆ. ಅಮ್ಮನದು ಮಗಳಿಗೆ, ಮಗಳದು ಹಾಸ್ಟೆಲ್ ರೂಮಿನವರಿಗೆ. ಮುಖದ ಚರ್ಮ ಎಷ್ಟು ತೆಳು ಅಂದರೆ, ಮುಂಗೈಗೆ ಹಚ್ಚಿದಾಗ ಒಳಗೆ ಹೋಗುವ ಸ್ಟೀರಾಯ್ಡ್‌ಗೆ ಹೋಲಿಸಿದರೆ ಹಣೆಯಲ್ಲಿ ಸುಮಾರು 6 ಪಟ್ಟು, ದವಡೆಯ ಹತ್ತಿರ 13 ಪಟ್ಟು ಒಳಗೆ ಹೋಗುತ್ತೆ. ಮೂರು ವರ್ಷ ಅಂದರೆ ನೀವೇ ಲೆಕ್ಕ ಹಾಕಿ.

ಮೊದ್ಲೆಲ್ಲ ಚೀಟಿ ಇಲ್ದೇನೇ ಕೊಡ್ತಿದ್ರಿ, ಈಗ್ಯಾಕೆ ಹಿಂಗ್ ಆಡ್ತೀರಾ?

ನಿಜ, ಕೊಡುತ್ತಿದ್ದೆ. ಈ ತಪ್ಪು ನನ್ನದೂ ಹೌದು. ಹತ್ತನ್ನೆರಡು ವರ್ಷದ ಹಿಂದೆ ಬೆಟಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಟ್ಯೂಬನ್ನು ನಾನು ಬೀಗದ ಕಪಾಟಿನಲ್ಲಿ ಇಡುತ್ತಿರಲಿಲ್ಲ, ಕೌಂಟರ್ ಮೇಲೆ ಕೊಬ್ಬರಿ ಎಣ್ಣೆ ಪಕ್ಕದಲ್ಲಿ ಇಟ್ಟಿದ್ದೆ. ಹುಡುಗಿಯರು ಅದನ್ನು ಸ್ನೋ ಜೊತೆ ಕಲಸಿ ಹಚ್ಚಿಕೊಳ್ಳುತ್ತಾರೆ ಅಂತ ಗೊತ್ತಿದ್ದೂ ಸುಮ್ನೆ ಇದ್ದೆ. ಕಾನೂನಿನಲ್ಲೂ ಒಂದು ಕಿಂಡಿ ಇತ್ತು. ಸ್ಟೀರಾಯ್ಡ್‌ಗೆ ಚೀಟಿ ಬೇಕು, ಆದರೆ ಚರ್ಮಕ್ಕೆ ಹಚ್ಚುವುದಾದರೆ ವಿನಾಯಿತಿ ಅನ್ನೋ ಹಾಗೆ. ಚರ್ಮವೈದ್ಯರ ಸಂಘದವರು ವರ್ಷಗಟ್ಟಲೆ ಬೆನ್ನುಬಿದ್ದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ, ಅಂದರೆ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಿಗಳ ಪಟ್ಟಿಗೆ ಸೇರಿಸಿತು. ಈಗ ಚೀಟಿ ಇಲ್ಲದೆ ಕೊಟ್ಟರೆ ನನ್ನದೇ ತಪ್ಪು. ಪಕ್ಕದ ಬೀದಿಯಲ್ಲಿ ಕೊಡ್ತಾರೆ ಅಂತ ನೀವು ಹೇಳುತ್ತೀರಿ, ಅದೂ ಸುಳ್ಳಲ್ಲ.

ಕ್ರೀಮ್ ಬಿಟ್ರೆ ಎರಡೇ ದಿನಕ್ಕೆ ಮುಖ ಉರಿಯುತ್ತೆ, ಕೆಂಪಗಾಗುತ್ತೆ. ಅಂದ್ರೆ ನನ್ನ ಮುಖಕ್ಕೆ ಆ ಕ್ರೀಮ್ ಬೇಕೇ ಬೇಕು ಅಂತ ತಾನೇ?

ಅಲ್ಲ. ಚರ್ಮ ಆ ಟ್ಯೂಬಿಗೆ ದಾಸನಾಗಿದೆ ಅಂತ. ಹೆಂಡ ಬಿಟ್ಟವನಿಗೆ ಕೈ ನಡುಗುತ್ತಲ್ಲ, ಹಾಗೆ. ಇದಕ್ಕೆ ನಮ್ಮ ದೇಶದ ಚರ್ಮವೈದ್ಯರೇ ಇಟ್ಟ ಹೆಸರು ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್, ಅಂದರೆ ಹಚ್ಚುವ ಸ್ಟೀರಾಯ್ಡ್‌ನಿಂದ ಕೆಟ್ಟ ಮುಖ. ಚರ್ಮ ಸಿಗರೇಟ್ ಕಾಗದದಷ್ಟು ತೆಳ್ಳಗಾಗುತ್ತೆ. ಕೆನ್ನೆಯ ಮೇಲೆ ಕೆಂಪು ನರಗಳು ದಾರ ಎಳೆದ ಹಾಗೆ ಕಾಣುತ್ತವೆ. ಒಂದೇ ಅಳತೆಯ ಸಣ್ಣ ಮೊಡವೆಗಳು ಏಳುತ್ತವೆ. ಹೆಣ್ಣುಮಕ್ಕಳಿಗೆ ಗಲ್ಲದ ಮೇಲೆ ಕೂದಲು ಬರುತ್ತೆ. ಬಿಸಿಲಿಗೆ ಹೋದರೆ ಉರಿ, ಒಲೆ ಮುಂದೆ ನಿಂತರೂ ಉರಿ.

2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದೇಶದ 12 ಕಡೆ ಮುಖದ ತೊಂದರೆ ಅಂತ ಬಂದ 2,926 ಜನರನ್ನು ವಿಚಾರಿಸಿದಾಗ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅದರಲ್ಲಿ ಎಷ್ಟೋ ಜನ ಹಚ್ಚುತ್ತಿದ್ದದ್ದು ಯಾವ ಕಾಯಿಲೆಗೂ ಅಲ್ಲ, ಫೇರ್‌ನೆಸ್ ಕ್ರೀಮ್ ಥರ, ಶೇವ್ ಆದ ಮೇಲೆ ಹಚ್ಚುವ ಕ್ರೀಮ್ ಥರ. ಇದು ಹೆಂಗಸರ ಕಥೆ ಮಾತ್ರ ಅಂದುಕೊಂಡಿರುವ ಗಂಡಸರು ಆ ಕೊನೇ ಮಾತನ್ನು ಇನ್ನೊಂದು ಸಲ ಓದಿಕೊಳ್ಳಿ.

ಬಿಡುವುದು ಹೇಗೆ? ಬಹಳ ದಿನ ಹಚ್ಚಿದ್ದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿಯೇ ಬಿಡಿ. ಕೆಲವರಿಗೆ ಶಕ್ತಿ ಕಡಿಮೆ ಇರುವ ಕ್ರೀಮ್‌ಗೆ ಇಳಿಸಿ ನಿಲ್ಲಿಸುತ್ತಾರೆ, ಕೆಲವರಿಗೆ ಸ್ಟೀರಾಯ್ಡ್ ಅಲ್ಲದ ಕ್ರೀಮ್ ಕೊಡುತ್ತಾರೆ. ಮುಖ ಮೊದಲು ಕೆಟ್ಟು ಆಮೇಲೆ ಸರಿಹೋಗುತ್ತೆ. ವಾರಗಳೂ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಆ ಕೆಟ್ಟ ದಿನಗಳಲ್ಲೇ ಜನ ಸೋತು ಮತ್ತೆ ಟ್ಯೂಬ್ ಕೇಳಿಕೊಂಡು ಬರುವುದು.

ಬಂಗಿಗೆ ಅಂತ ಹಚ್ಚಿದ್ದು, ಈಗ ಅದೇ ಜಾಗ ಇನ್ನೂ ಕಪ್ಪಗಾಗ್ತಿದೆ. ಡೋಸ್ ಸಾಲ್ತಿಲ್ವಾ?

ಡೋಸ್ ಜಾಸ್ತಿ ಮಾಡಬೇಡಿ. ಹೈಡ್ರೋಕ್ವಿನೋನ್ ವರ್ಷಗಟ್ಟಲೆ ಹಚ್ಚಿದರೆ, ಅದೂ ಬಿಸಿಲಿಗೆ ಮೈಯೊಡ್ಡಿ, ಓಕ್ರೊನೋಸಿಸ್ ಅನ್ನೋ ತೊಂದರೆ ಬರುತ್ತೆ. ಬೂದುಗಪ್ಪು, ನೀಲಿಗಪ್ಪು ಬಣ್ಣ, ಮುಟ್ಟಿದರೆ ರವೆ ರವೆಯಾಗಿ ತಾಗುತ್ತೆ. ಇದನ್ನು ತೆಗೆಯೋದು ಬಂಗಿಗಿಂತ ಎಷ್ಟೋ ಕಷ್ಟ. ದಕ್ಷಿಣ ಆಫ್ರಿಕಾದಲ್ಲಿ 1970ರ ದಶಕದಲ್ಲೇ ಇದು ಎದ್ದು ಕಂಡಿತ್ತು, 1990ರಲ್ಲಿ ಅಲ್ಲಿ ಅಂಥ ಕ್ರೀಮ್‌ಗಳನ್ನೇ ನಿಷೇಧಿಸಿದರು. ಬೆಳ್ಳಗಾಗಲು ಹೋಗಿ ಇನ್ನೂ ಕಪ್ಪಾಗುವ ಕಥೆ ಹೊಸದೇನಲ್ಲ.

ಹುಳುಕಡ್ಡಿಗೆ ತಂದ ಕ್ರೀಮ್ ಮುಖಕ್ಕೂ ಚೆನ್ನಾಗಿ ಕೆಲಸ ಮಾಡ್ತು, ಹಚ್ಚಬಹುದಾ?

ಬೇಡವೇ ಬೇಡ. ಹುಳುಕಡ್ಡಿಗೆ ಅಂತ ಮಾರುವ ಎಷ್ಟೋ ಮಿಶ್ರಣಗಳಲ್ಲಿ ಕ್ಲೋಬೆಟಾಸಾಲ್ ಇರುತ್ತೆ, ಸ್ಟೀರಾಯ್ಡ್‌ಗಳಲ್ಲೇ ಅತಿ ಜೋರಿನ ಗುಂಪಿನದು. ಅದು ಹುಳುಕಡ್ಡಿಗೂ ಒಳ್ಳೇದಲ್ಲ, ತುರಿಕೆ ಅಡಗಿಸಿ ಫಂಗಸ್ಸನ್ನು ಒಳಗೊಳಗೇ ಬೆಳೆಸುತ್ತೆ.

## ಪಾದರಸದ ಬಗ್ಗೆ

ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಹೆಂಗ್ ಹೋಗುತ್ತೆ? ಸುಮ್ನೆ ಹೆದರಿಸ್ತೀರಾ?

ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ನಡೆದದ್ದು ಕೇಳಿ. ಅಲ್ಲಿನ ಕಿಡ್ನಿ ವೈದ್ಯರ ಹತ್ತಿರ 2021ರ ಜುಲೈನಿಂದ 2023ರ ಸೆಪ್ಟೆಂಬರ್ ಒಳಗೆ ಮೆಂಬ್ರನಸ್ ನೆಫ್ರೋಪತಿ ಅನ್ನೋ ಕಾಯಿಲೆಯ 22 ರೋಗಿಗಳು ಬಂದರು. ಇದರಲ್ಲಿ ಕಿಡ್ನಿಯ ಜರಡಿ ಹಾಳಾಗಿ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತೆ. 22ರಲ್ಲಿ 15 ಜನರಿಗೆ ಎನ್‌ಇಎಲ್‌ಎಲ್-1 ಅನ್ನೋ ಅಪರೂಪದ ಬಗೆ. ಬಿಡಿಸಿ ಬಿಡಿಸಿ ಕೇಳಿದಾಗ ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದದ್ದು ಗೊತ್ತಾಯಿತು. ಕೇರಳದ ಔಷಧ ನಿಯಂತ್ರಣ ಇಲಾಖೆಯೂ ಆಪರೇಷನ್ ಸೌಂದರ್ಯ ಅಂತ ಅಂಗಡಿಗಳ ಮೇಲೆ ದಾಳಿ ಮಾಡಿತು. ಮಹಾರಾಷ್ಟ್ರದ ಅಕೋಲಾದಲ್ಲೂ ಒಂದೇ ಮನೆಯ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳ ಕಿಡ್ನಿಗೆ ಇಂಥದ್ದೇ ಒಂದು ಕ್ರೀಮ್‌ನಿಂದ ಪೆಟ್ಟುಬಿತ್ತು.

ಪಾದರಸದ ಲವಣಗಳು ಚರ್ಮದಿಂದ ರಕ್ತಕ್ಕೆ ಇಳಿಯುತ್ತವೆ, ಹೋಗಿ ಸೇರುವ ಮುಖ್ಯ ಜಾಗವೇ ಕಿಡ್ನಿ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು, ಸಂಜೆಗೆ ಕಾಲು ಬಾವು, ಮೂತ್ರದಲ್ಲಿ ಸೋಪಿನ ಹಾಗೆ ನೊರೆ, ಇವು ಕಂಡರೆ ತಡ ಮಾಡಬೇಡಿ. ಮೊದಲ ಪರೀಕ್ಷೆ ದುಬಾರಿಯದಲ್ಲ, ಮೂತ್ರದಲ್ಲಿ ಪ್ರೋಟೀನ್ ಇದೆಯಾ ಅಂತ ನೋಡುವುದು, ಸರ್ಕಾರಿ ಆಸ್ಪತ್ರೆಯಲ್ಲೂ ಮಾಡುತ್ತಾರೆ. ಡಾಕ್ಟರ್ ಕೇಳದಿದ್ದರೂ ನೀವೇ ಕ್ರೀಮ್ ವಿಷಯ ಬಾಯಿಬಿಟ್ಟು ಹೇಳಿ. ಸಮಾಧಾನದ ಸಂಗತಿ ಅಂದರೆ, ಬೇಗ ಗೊತ್ತಾಗಿ ಕ್ರೀಮ್ ನಿಲ್ಲಿಸಿದವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಡಬ್ಬಿ ನೋಡಿ ಪಾದರಸ ಇದೆ ಅಂತ ಕಂಡುಹಿಡಿಯೋದು ಹೆಂಗೆ?

ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಆದರೆ ಡಬ್ಬಿ ಚಾಡಿ ಹೇಳುತ್ತೆ. ಹೋದ ವರ್ಷ ಒಬ್ಬರು ಕೈಚೀಲದಿಂದ ಒಂದು ಡಬ್ಬಿ ತೆಗೆದು ಕೌಂಟರ್ ಮೇಲಿಟ್ಟರು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು, ಬಂಗಾರದ ಬಣ್ಣದ ಮುಚ್ಚಳ, ಮೇಲೆ ಗುಲಾಬಿ ಕೆನ್ನೆಯ ಹುಡುಗಿ. ತಿರುಗಿಸಿದರೆ ತಯಾರಕರ ವಿಳಾಸ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಏನೇನು ಹಾಕಿದ್ದಾರೆ ಅನ್ನೋ ಪಟ್ಟಿ ಇಲ್ಲ. ಬ್ಯಾಚ್ ನಂಬರ್ ಇರಬೇಕಾದ ಜಾಗದಲ್ಲಿ ಒಂದು ಹೊಲೊಗ್ರಾಮ್ ಸ್ಟಿಕ್ಕರ್ ಅಂಟಿಸಿದ್ದರು, ಅಸಲಿ ಅಂತ ತೋರಿಸೋಕೆ! ಒಳಗಿನ ಕ್ರೀಮ್ ಅಂಚಿನಲ್ಲಿ ಸ್ವಲ್ಪ ಬೂದು ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಪಾದರಸ ಇತ್ತೋ ಇಲ್ಲವೋ ಲ್ಯಾಬೇ ಹೇಳಬೇಕು, ಮುಖಕ್ಕೆ ಹಚ್ಚುವಂಥದ್ದಲ್ಲ ಅನ್ನೋದಕ್ಕೆ ಲ್ಯಾಬ್ ಬೇಕಾಗಿಲ್ಲ.

ಭಾರತದಲ್ಲಿ ಮಾಡಿದ ಕಾಸ್ಮೆಟಿಕ್ ಆದರೆ ತಯಾರಿಕಾ ಲೈಸೆನ್ಸ್ ನಂಬರ್ ಇರಬೇಕು, ಹೊರದೇಶದ್ದಾದರೆ ಆಮದು ನೋಂದಣಿ ನಂಬರ್ ಇರಬೇಕು. ಪಟ್ಟಿಯಲ್ಲಿ ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಅಮೋನಿಯೇಟೆಡ್ ಮರ್ಕ್ಯುರಿ ಅಂತ ಕಂಡರೆ ಅವೆಲ್ಲ ಪಾದರಸವೇ. ಇನ್ನೊಂದು ಗುಟ್ಟಿನ ಸುಳಿವು ಇದೆ: "ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ" ಅಂತ ಬರೆದಿದ್ದರೆ ಅಲ್ಲಿಗೇ ಬಿಡಿ. ಪಾದರಸ ಚಿನ್ನವನ್ನು ಹಿಡಿಯುತ್ತೆ ಅಂತ ಅಕ್ಕಸಾಲಿಗರನ್ನು ಕೇಳಿದರೆ ಹೇಳುತ್ತಾರೆ. ಉಂಗುರಕ್ಕೆ ತಾಗಬಾರದ್ದು ಕೆನ್ನೆಗೆ ತಾಗಬಹುದಾ?

ನಾನೊಬ್ಳೇ ಹಚ್ಚೋದು, ಮಗುವಿಗೇನೂ ಹಚ್ಚಲ್ಲ. ಅದಕ್ಕೇನಾಗಲ್ಲ ಅಲ್ವಾ?

ಆಗಬಹುದು. ದಿಂಬಿಗೆ, ಟವೆಲ್‌ಗೆ, ಕೈಗೆ ಅಂಟಿದ ಪಾದರಸ ನಿಧಾನಕ್ಕೆ ಆವಿಯಾಗುತ್ತೆ, ಮನೆಯವರೆಲ್ಲ ಅದನ್ನೇ ಉಸಿರಾಡುತ್ತಾರೆ. ಮಗು ನಿಮ್ಮ ಕೆನ್ನೆಗೆ ಮುಖ ಒತ್ತುತ್ತೆ, ಕೆನ್ನೆ ಮುಟ್ಟಿದ ಕೈಯನ್ನೇ ಬಾಯಿಗಿಡುತ್ತೆ. ಬಸುರಿಯರು, ಬಾಣಂತಿಯರು ಇನ್ನೂ ಹುಷಾರಾಗಿರಬೇಕು, ಯಾಕೆಂದರೆ ಪಾದರಸ ಹೊಟ್ಟೆಯಲ್ಲಿರುವ ಮಗುವಿಗೂ ದಾಟುತ್ತೆ, ಬೆಳೆಯುವ ಮಿದುಳಿಗೆ ಅದು ವಿಷ. ಮೇಲೆ ಹೇಳಿದ ಮೂರು ಔಷಧಿಯ ಟ್ಯೂಬೂ ಬಸುರಿನಲ್ಲಿ ಬೇಡ.

## ಆಮೇಲೆ ಬರುವ ಪ್ರಶ್ನೆಗಳು

ಕೇಸರಿ ಹಾಲು ಕುಡಿದ್ರೆ ಮಗು ಬೆಳ್ಳಗೆ ಹುಟ್ಟುತ್ತಂತೆ?

ಇಲ್ಲ. ರುಚಿಗೆ ಕುಡಿಯಿರಿ.

ಆಯುರ್ವೇದಿಕ್ ಆದ್ರೆ ಸೈಡ್ ಎಫೆಕ್ಟ್ ಇರಲ್ಲ ತಾನೇ? ಮನೆಮದ್ದು?

ಡಬ್ಬಿ ಮೇಲೆ ಎಲೆ ಚಿತ್ರ ಇದ್ದ ಮಾತ್ರಕ್ಕೆ ಒಳಗೆ ಎಲೆಯೇ ಇರಬೇಕೆಂದಿಲ್ಲ. ಗಿಡಮೂಲಿಕೆ ಅಂತ ಮಾರುವ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಕಡಲೆಹಿಟ್ಟು, ಮೊಸರು, ಅರಿಶಿನದಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ, ಕೊಳೆ ಹೋಗುತ್ತೆ, ಬಣ್ಣ ಬದಲಾಗಲ್ಲ. ನಿಂಬೆರಸ ಮಾತ್ರ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ. ಚರ್ಮ ಸುಟ್ಟು ಬೊಬ್ಬೆ ಬರುತ್ತೆ, ಆಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತೆ.

ಬೆಂಗಳೂರಲ್ಲಿ ಗ್ಲುಟಾಥಯೋನ್ ಡ್ರಿಪ್ ಹಾಕ್ತಾರಂತೆ, ಹೀರೋಯಿನ್‌ಗಳೆಲ್ಲ ಹಾಕಿಸ್ಕೊಳ್ತಾರಂತೆ?

ಯಾರು ಹಾಕಿಸಿಕೊಂಡರೋ ನಾನು ಕಾಣೆ. ಗ್ಲುಟಾಥಯೋನ್ ಅಂದರೆ ನಮ್ಮ ಮೈಯಲ್ಲೇ ತಯಾರಾಗುವ ಒಂದು ವಸ್ತು, ಅದನ್ನು ನರಕ್ಕೆ ಹಾಕುತ್ತಾರೆ. ಬೆಳ್ಳಗಾಗಲು ಅಂತ ಆ ಇಂಜೆಕ್ಷನ್‌ಗೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ. ಇದರ ಹುಚ್ಚು ನಮಗಿಂತ ಮೊದಲೇ ಹಿಡಿದ ಫಿಲಿಪ್ಪೀನ್ಸ್‌ನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯೇ ಜನರಿಗೆ ಎಚ್ಚರಿಕೆ ಕೊಟ್ಟಿದೆ. ಚರ್ಮ ಸುಲಿದುಹೋಗುವಂಥ ಗಂಭೀರ ಅಲರ್ಜಿ, ಲಿವರ್ ಕಿಡ್ನಿ ತೊಂದರೆ, ಸ್ವಚ್ಛವಿಲ್ಲದ ಸೂಜಿಯಿಂದ ಬರುವ ಸೋಂಕು, ಎಲ್ಲವೂ ಇದೆ. ಬಣ್ಣ ಬಂದರೂ ನಿಲ್ಲಲ್ಲ, ಡ್ರಿಪ್ ನಿಂತರೆ ಅದೂ ಹೋಯ್ತು. ಸಾವಿರಾರು ರೂಪಾಯಿ ಕೊಟ್ಟು ಮಂಚದ ಮೇಲೆ ಮಲಗಿ ಇದನ್ನೆಲ್ಲ ತರಿಸಿಕೊಳ್ಳುವುದು ಯಾಕೋ ನನಗೆ ಅರ್ಥವಾಗಿಲ್ಲ.

ತಂಗಿ ಮದುವೆಗೆ ಎರಡು ತಿಂಗಳಿದೆ. ಗಂಡಿನ ಕಡೆಯವರು "ಲಕ್ಷಣವಾಗಿದ್ದಾಳೆ, ಬಣ್ಣವೊಂದು ಸ್ವಲ್ಪ" ಅಂದ್ರು. ಸೇಫ್ ಆಗಿರೋದು ಏನಾದ್ರೂ ಹೇಳಿ.

ಆ "ಬಣ್ಣವೊಂದು ಸ್ವಲ್ಪ" ಅನ್ನೋ ಮಾತೇ ನನ್ನ ಅರ್ಧ ಗಿರಾಕಿಗಳನ್ನು ಅಂಗಡಿಗೆ ಕಳಿಸುವುದು. ಹಾಗೆಂದವರಿಗೆ ಏನಾದರೂ ಬರೆದುಕೊಡೋಣ ಅಂದರೆ ನನ್ನ ಹತ್ತಿರ ಔಷಧಿ ಇಲ್ಲ.

ತಂಗಿಗೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿಯ ಸನ್‌ಸ್ಕ್ರೀನ್ ಸಾಕು. ದಿನಾ ಹಚ್ಚಬೇಕು, ಬಿಸಿಲಲ್ಲಿ ಇದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಜೊತೆಗೆ ಸಾದಾ ಮಾಯಿಶ್ಚರೈಸರ್. ಕಲೆ, ಬಂಗು, ಮೊಡವೆ ಇದ್ದರೆ ಚರ್ಮದ ಡಾಕ್ಟರ್‌ಗೆ ತೋರಿಸಿ, ಅಜೆಲಾಯಿಕ್ ಆಸಿಡ್‌ನಂಥ ಸ್ಟೀರಾಯ್ಡ್ ಅಲ್ಲದ ಬೇರೆ ದಾರಿಗಳೂ ಇವೆ. ಮದುವೆಗೆ ಮುಂಚೆ ಹೊಸ ಕ್ರೀಮ್ ಪ್ರಯೋಗ ಬೇಡ. ಅರಿಶಿನದ ಶಾಸ್ತ್ರದ ದಿನ ಮುಖ ಕೆಂಪಗೆ ಊದಿಕೊಂಡು ಬಂದ ಮದುಮಗಳನ್ನು ನಾನೇ ನೋಡಿದ್ದೇನೆ, ಪಾರ್ಲರ್‌ನವರು ಮೇಕಪ್ ಹಚ್ಚಿದರೆ ಅದೂ ಉರಿ ಅಂತಿದ್ದಳು ಪಾಪ.

ಸರ್ಕಾರ ಇದನ್ನೆಲ್ಲ ಬ್ಯಾನ್ ಮಾಡಿಲ್ವಾ?

ಕಾಗದದ ಮೇಲೆ ಸಾಕಷ್ಟು ಮಾಡಿದೆ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮುಖದ ಕ್ರೀಮ್‌ನಲ್ಲಿ ಅರಿವಿಲ್ಲದೆ ಸೇರಿದ ಪಾದರಸ ಕೂಡ 1 ಪಿಪಿಎಂ ಮೀರುವಂತಿಲ್ಲ, ಅಂದರೆ ಒಂದು ಕೆ.ಜಿ. ಕ್ರೀಮಿಗೆ ಒಂದು ಮಿಲಿಗ್ರಾಂ. ಪಾದರಸದ ಮೇಲಿನ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. ಪಾದರಸ ಬೆರೆಸಿದ ಸೌಂದರ್ಯವರ್ಧಕ 2025ರ ನಂತರ ಪೂರ್ತಿ ನಿಲ್ಲಬೇಕು ಅಂತ ಆ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿವೆ. ಜಾಹೀರಾತಿನಲ್ಲಿ ಕಪ್ಪಗಿರುವವರನ್ನು ಸೋತವರ ಹಾಗೆ ತೋರಿಸಬಾರದು ಅಂತ ಜಾಹೀರಾತು ಮಾನದಂಡ ಮಂಡಳಿ 2014ರಲ್ಲೇ ಹೇಳಿತು. ಬೆಳ್ಳಗಾಗಿಸುತ್ತೇವೆ ಅನ್ನೋ ಔಷಧಿ ಜಾಹೀರಾತಿಗೆ 5 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅಂತ 2020ರಲ್ಲಿ ಒಂದು ಕರಡೂ ಬಂತು. ಫೇರ್ ಅಂಡ್ ಲವ್ಲಿ ಗ್ಲೋ ಅಂಡ್ ಲವ್ಲಿ ಆದದ್ದೂ ಅದೇ ವರ್ಷ, ನನ್ನ ಗಿರಾಕಿಗಳು ಮಾತ್ರ ಇವತ್ತಿಗೂ ಹಳೇ ಹೆಸರಲ್ಲೇ ಕೇಳುತ್ತಾರೆ. ಈಗಿನ ಜಾಹೀರಾತಿನಲ್ಲಿ ಫೇರ್ ಅನ್ನೋ ಪದ ಹೋಗಿ ಗ್ಲೋ, ಬ್ರೈಟ್ ಬಂದಿವೆ. ಹುಡುಗಿಯ ಮುಖ ಮಾತ್ರ ಜಾಹೀರಾತು ಮುಗಿಯುವಷ್ಟರಲ್ಲಿ ಮೊದಲಿನ ಹಾಗೇ ಬೆಳ್ಳಗಾಗುತ್ತೆ.

ನಮ್ಮ ಹಾಸ್ಟೆಲ್‌ನಲ್ಲಿ ಎಲ್ರೂ ಇದನ್ನೇ ಹಚ್ತಾರೆ, ಹೇಳಿದ್ರೆ "ನಿಂಗೆ ಹೊಟ್ಟೆಕಿಚ್ಚು" ಅಂತಾರೆ. ಹೇಗೆ ಹೇಳೋದು?

ಬಣ್ಣದ ವಿಷಯ ತೆಗೆದರೆ ಜಗಳ ಆಗುತ್ತೆ. "ನಿನ್ನ ಬಣ್ಣ ಚೆನ್ನಾಗೇ ಇದೆ ಕಣೇ" ಅಂದರೂ ಯಾರೂ ನಂಬಲ್ಲ, ಚಿಕ್ಕಂದಿನಿಂದ ಕರಿಯಮ್ಮ ಅಂತ ಕರೆಸಿಕೊಂಡವಳು ನಿಮ್ಮ ಒಂದು ಮಾತಿಗೆ ಬದಲಾಗುತ್ತಾಳಾ? ನಾನು ಬಣ್ಣದ ಮಾತೇ ಎತ್ತಲ್ಲ. ಡಬ್ಬಿ ತನ್ನಿ, ಹಿಂದೆ ಏನು ಬರೆದಿದೆ ಒಟ್ಟಿಗೆ ಓದೋಣ ಅನ್ನುತ್ತೇನೆ. ಅಕ್ಷರ ಸಣ್ಣದು, ಅದಕ್ಕೆ ಕೌಂಟರ್‌ನಲ್ಲಿ ಒಂದು ಭೂತಗನ್ನಡಿ ಇಟ್ಟಿದ್ದೇನೆ. ಸ್ಟೀರಾಯ್ಡ್ ಹೆಸರಿನ ಕೆಳಗೆ ಅವರ ಬೆರಳೇ ನಿಂತಾಗ ನಾನು ಹೇಳುವ ಮಾತು ಕಡಿಮೆಯಾಗುತ್ತೆ. ನಿಮ್ಮ ಹಾಸ್ಟೆಲ್‌ನಲ್ಲೂ ಹಾಗೇ ಮಾಡಿ ನೋಡಿ, ಫೋನ್ ಕ್ಯಾಮೆರಾದಲ್ಲಿ ಜೂಮ್ ಮಾಡಿದರೂ ಸಾಕು.

ದೂರು ಕೊಡ್ಬೇಕು ಅಂದ್ರೆ ಎಲ್ಲಿ? ಡಬ್ಬಿ ಬಿಸಾಕಿಬಿಟ್ಟೆ, ಪರವಾಗಿಲ್ವಾ?

ಅಯ್ಯೋ, ಬಿಸಾಕಬಾರದಿತ್ತು. ಔಷಧಿಯಿಂದ ತೊಂದರೆಯಾದರೆ ಟೋಲ್ ಫ್ರೀ 1800-180-3024ಕ್ಕೆ ಹೇಳಬಹುದು, ಔಷಧಿಯ ಅಡ್ಡಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಸಹಾಯವಾಣಿ ಅದು. ಮೋಸದ ಮಾರಾಟ, ಸುಳ್ಳು ಜಾಹೀರಾತು ಆದರೆ ಗ್ರಾಹಕ ಸಹಾಯವಾಣಿ 1915. ಲೇಬಲ್ ಇಲ್ಲದ ಡಬ್ಬಿ ಮಾರುವ ಅಂಗಡಿ ಕಂಡರೆ ಜಿಲ್ಲೆಯ ಡ್ರಗ್ಸ್ ಇನ್‌ಸ್ಪೆಕ್ಟರ್‌ಗೆ ತಿಳಿಸಿ.

ಎಲ್ಲರೂ ಮೊದಲು ಕೇಳುವುದೇ ಆ ಡಬ್ಬಿಯನ್ನ. ಡಾಕ್ಟರಿಗೂ ಅದೇ ಬೇಕು, ಲ್ಯಾಬಿಗೂ ಅದೇ ಬೇಕು. ಹಾಗಾಗಿ ಹಚ್ಚುವುದನ್ನು ಇವತ್ತೇ ನಿಲ್ಲಿಸಿದರೂ ಡಬ್ಬಿಯನ್ನು ಬಚ್ಚಲಿಗೆ ತೊಳೆದು ಬಿಡಬೇಡಿ, ಪಾದರಸ ಇದ್ದರೆ ನೀರಿಗೆ ಸೇರುತ್ತೆ. ಮುಚ್ಚಳ ಬಿಗಿ ಮಾಡಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಎಲ್ಲಿ ಕೊಂಡಿದ್ದು, ಯಾವಾಗ ಶುರು ಮಾಡಿದ್ದು, ದಿನಕ್ಕೆಷ್ಟು ಸಲ ಅಂತ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ. ಬಿಲ್ ಇದ್ದರೆ ಇನ್ನೂ ಒಳ್ಳೇದು, ಆದರೆ ಇಂಥ ಡಬ್ಬಿಗೆ ಬಿಲ್ ಕೊಟ್ಟ ಅಂಗಡಿಯನ್ನು ನಾನಿನ್ನೂ ನೋಡಿಲ್ಲ.